ಹುಡುಗಿಯ ಕೈಯೋ, ಡಬ್ಬಿಯ ಮಾಲೋ?

ಜೋಳದ ತೆನೆ ಹಾಲುಗಟ್ಟುವ ದಿನಗಳಲ್ಲಿ ಅಟ್ಟಣಿಗೆ ಏರಿ ಹಕ್ಕಿ ಕಾಯುವ ಹುಡುಗನನ್ನು ನಮ್ಮ ವಾಚಕರೆಲ್ಲರೂ ಬಲ್ಲರು. ಅನೇಕರು ಆ ಕೆಲಸವನ್ನು ತಾವೇ ಮಾಡಿದವರು. ಅಟ್ಟಣಿಗೆ ಏರುವ ಮುನ್ನ ಅವನು ಹಳ್ಳಕ್ಕಿಳಿದು ಕವಣೆಗೆ ಕಲ್ಲು ಆರಿಸುತ್ತಾನೆ. ಸಿಕ್ಕಿದ್ದನ್ನೆಲ್ಲ ಉಡಿಗೆ ತುಂಬುವುದಿಲ್ಲ. ಅಂಗೈಯಲ್ಲಿ ತೂಗಿ ನೋಡಿ, ಒಂದೇ ಗಾತ್ರದ ಗುಂಡುಗಲ್ಲುಗಳನ್ನಷ್ಟೇ ಇಟ್ಟುಕೊಳ್ಳುತ್ತಾನೆ. ಕವಣೆ ಅದೇ, ಕೈ ಅದೇ, ಬೀಸು ಅದೇ ಇದ್ದರೂ ಕಲ್ಲು ಬೇರೆಯಾದರೆ ಬೀಳುವ ಜಾಗ ಬೇರೆಯಾಗುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಿಕ್ಷಕ ತರಬೇತಿ ಪಡೆದು ಇಪ್ಪತ್ತು ವರ್ಷ ಪಾಠ ಹೇಳಿದ ನಮಗೆ ಮಾತ್ರ ಇದು ಹೊಳೆಯಲು ಮೂರು ತಿಂಗಳು ಹಿಡಿಯಿತು. ಅದರ ದಂಡ ತೆತ್ತವಳು ನಮ್ಮ ಶಾಲೆಯ ಒಬ್ಬ ವಿದ್ಯಾರ್ಥಿನಿ. ಆದ್ದರಿಂದ ಇದನ್ನು ಬರೆಯುವುದು ನಮ್ಮ ಕರ್ತವ್ಯವೆಂದು ತಿಳಿದಿದ್ದೇವೆ.

2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕೊಲ್ಹಾಪುರ ಜಿಲ್ಲೆಯ ಕಾಂಬಳವಾಡಿ ಎಂಬ ಹಳ್ಳಿಯ ಸ್ವಪ್ನಿಲ್ ಕುಸಾಳೆ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದರು. ಆ ಸುದ್ದಿ ಗಡಿಯ ನಮ್ಮ ಕನ್ನಡ ಹಳ್ಳಿಗಳಲ್ಲೂ ಆಸೆ ಹುಟ್ಟಿಸಿತು. ಊರವರು ಪಟ್ಟಿ ಎತ್ತಿ ನಮ್ಮ ಜತ್ತ ಸೀಮೆಯ ಶಾಲೆಗೊಂದು ಸ್ಪ್ರಿಂಗಿನ ಏರ್ ರೈಫಲ್ ಕೊಡಿಸಿದರು. ಶಾಲೆಯ ಹಿಂದಿನ ಮಣ್ಣಿನ ದಿಬ್ಬಕ್ಕೆ ಕಾಗದದ ಗುರಿ ಕಟ್ಟಿ, ಹತ್ತು ಮೀಟರ್ ಅಳೆದು ಅಭ್ಯಾಸ ಆರಂಭಿಸಿದೆವು.

ಆ ಮಕ್ಕಳಲ್ಲಿ ಕಬ್ಬು ಕಡಿಯಲು ಹೋಗುವ ಮನೆತನದ ಒಬ್ಬ ಹುಡುಗಿಯ ಕೈ ಬಲು ಸ್ಥಿರವಾಗಿತ್ತು. ಮೊದಲ ಡಬ್ಬಿಯ ಪೆಲೆಟ್ಟುಗಳಿಂದ, ಅಂದರೆ ನಮ್ಮ ಕಡೆ ಛರ್ರಾ ಎನ್ನುವ ಸೀಸದ ಗುಂಡುಗಳಿಂದ, ಅವಳು ಹೊಡೆದ ಐದು ತೂತುಗಳನ್ನು ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಿತ್ತು. ಜುಲೈ ಮುಗಿಯುವ ಹೊತ್ತಿಗೆ ಅದೇ ಅಂಗಡಿಯಿಂದ, ಅದೇ ಹೆಸರಿನ, ಅದೇ ಬೆಲೆಯ ಎರಡನೆಯ ಡಬ್ಬಿ ತಂದೆವು. ಅಂದಿನಿಂದ ತೂತುಗಳು ಚದುರಿದವು.

ನಾವೇನು ಮಾಡಿದೆವು? ಬೈದೆವು. ನಿಲುವು ತಿದ್ದಿದೆವು, ಉಸಿರು ಹಿಡಿಯುವುದನ್ನು ತಿದ್ದಿದೆವು, ರೈಫಲ್ಲಿನ ಸೈಟನ್ನು ದಿನಕ್ಕೊಂದು ಸಲ ತಿರುವಿದೆವು. ಹುಡುಗಿ ಒಮ್ಮೆ ಅಂಜುತ್ತಲೇ, "ಸರ, ಕೆಲವು ಸಡ್ಲ ಕೂಡತಾವ್ರಿ, ಕೆಲವನ್ನ ಹೆಬ್ಬಟ್ಟಿಲೆ ಒತ್ತಬೇಕಾಗತೈತ್ರಿ" ಅಂದಳು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಾವು ಅವಳ ಬಾಯಿ ಮುಚ್ಚಿಸಿದೆವು. ಜಿಲ್ಲಾ ಸ್ಪರ್ಧೆಯಲ್ಲಿ ಅವಳು ಕೊನೆಯ ಸಾಲಿನಲ್ಲಿ ಉಳಿದಳು. ಅವರಪ್ಪ ಬಂದು ಕೈಮುಗಿದು, "ಮಾಸ್ತರ, ಇದು ನಮ್ಮಂಥವರಿಗೆ ಆಗಿಬರೂದಲ್ಲ ಬಿಡ್ರಿ" ಎಂದು ಹೇಳಿ ಅವಳನ್ನು ಅಭ್ಯಾಸದಿಂದ ಬಿಡಿಸಿದರು.

ಅದಾದ ಕೆಲವೇ ದಿನಗಳಲ್ಲಿ ಹಿಂಗಾರಿ ಬಿತ್ತನೆ ಬಂತು. ನಾವು ವಾಡಿಕೆಯಂತೆ ಎರಡು ಚೀಲ ಮಾಲದಂಡಿ ಜೋಳದಿಂದ ನೂರು ನೂರು ಕಾಳು ಎಣಿಸಿ ಹಸಿ ಗೋಣಿತಟ್ಟಿನಲ್ಲಿ ಸುತ್ತಿಟ್ಟೆವು. ಒಂದು ಚೀಲದ 88 ಕಾಳು ಮೊಳೆತವು, ಇನ್ನೊಂದರ 61. ತಳಿ ಒಂದೇ, ಅಂಗಡಿ ಒಂದೇ. ಎರಡನೆಯ ಚೀಲವನ್ನು ಬಿತ್ತಿ, ಪೈರು ವಿರಳವಾದಾಗ ಕೂರಿಗೆ ಹಿಡಿದವನನ್ನು ಬೈದಿದ್ದರೆ ಅದೆಂಥ ಅನ್ಯಾಯ! ಹಾಗೆಂದುಕೊಂಡ ಕ್ಷಣದಲ್ಲೇ ನಮಗೆ ಶಾಲೆಯ ಡಬ್ಬಿಯ ನೆನಪಾಯಿತು.

ಪುಣ್ಯಕ್ಕೆ ಮೊದಲ ಡಬ್ಬಿಯಲ್ಲಿ ಕೆಲವು ಪೆಲೆಟ್ಟು ಉಳಿದಿದ್ದವು. ಅಕ್ಕಸಾಲಿಗರ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿದೆವು. ಈ 4.5 ಮಿಲಿಮೀಟರ್ ಗುಂಡಿನ ತೂಕ ಸುಮಾರು ಅರ್ಧ ಗ್ರಾಂ. ಹಳೆಯ ಲೆಕ್ಕದಲ್ಲಿ ನಾಲ್ಕು ಗುಂಜಿ. ಮೊದಲ ಡಬ್ಬಿಯವು 0.52ರಿಂದ 0.54 ಗ್ರಾಮಿನೊಳಗೆ ಇದ್ದವು. ಎರಡನೆಯದರಲ್ಲಿ 0.49 ಇದ್ದದ್ದೂ ಉಂಟು, 0.56 ಇದ್ದದ್ದೂ ಉಂಟು. ಅನಂತರ ಅವರಪ್ಪನನ್ನು ಒಡಂಬಡಿಸಿ ಹುಡುಗಿಯನ್ನು ಕರೆಸಿದೆವು. ಮರಳಿನ ಚೀಲದ ಮೇಲೆ ರೈಫಲ್ ಇರಿಸಿ, ಯಾವ ಡಬ್ಬಿಯ ಗುಂಡೆಂದು ಅವಳಿಗೆ ತಿಳಿಸದೆ, ಇನ್ನೊಬ್ಬ ಶಿಕ್ಷಕರಿಂದ ಒಂದೊಂದಾಗಿ ಕೊಡಿಸಿದೆವು. ಐದು ಇದರವು, ಐದು ಅದರವು. ಹೀಗೆ ಸರದಿಯಂತೆ ಎಂಟು ಕಾಗದ. ಮೊದಲ ಡಬ್ಬಿಯ ನಾಲ್ಕೂ ಕಾಗದಗಳಲ್ಲಿ ತೂತುಗಳು ನಾಣ್ಯದಡಿ ಅಡಗಿದವು. ಎರಡನೆಯದರ ಒಂದರಲ್ಲಿಯೂ ಅಡಗಲಿಲ್ಲ. ಕೈ ಒಂದೇ, ಹೊತ್ತು ಒಂದೇ, ಬೇರೆಯಿದ್ದದ್ದು ಮಾಲು.

ಕಾರಣ ಗೂಢವಾದುದಲ್ಲ. ಸೀಸದ ತಂತಿಯನ್ನು ತುಂಡರಿಸಿ ಅಚ್ಚಿನಲ್ಲಿ ಒತ್ತಿ ಈ ಗುಂಡು ಮಾಡುತ್ತಾರೆ. ಒತ್ತಿ ಒತ್ತಿ ಅಚ್ಚು ಸವೆಯುತ್ತದೆ. ಹೊಸ ಅಚ್ಚು ಕೂರಿಸಿದಾಗ ಅಳತೆ ಕೂದಲೆಳೆಯಷ್ಟು ಬದಲಾಗುತ್ತದೆ. ಗುಂಡಿನ ತಲೆ ಸಣ್ಣದಾದರೆ ನಳಿಗೆಯ ಸುರುಳಿ ಗೀರುಗಳು ಅದನ್ನು ಬಿಗಿಯಾಗಿ ಹಿಡಿಯಲಾರವು. ಹಿಂದಿನ ತೆಳು ಅಂಚು ಸಾಗಣೆಯಲ್ಲಿ ಚಪ್ಪಟೆಯಾದರೆ ಗಾಳಿ ಸೋರುತ್ತದೆ. ಸ್ಪರ್ಧೆಯ ಗುರಿಯ ಮಧ್ಯದ ಹತ್ತರ ಚುಕ್ಕೆಯ ಅಗಲ ಅರ್ಧ ಮಿಲಿಮೀಟರ್ ಮಾತ್ರ. ಗುಂಡು ನಡುವಿನಿಂದ ಎರಡೂವರೆ ಮಿಲಿಮೀಟರಿಗಿಂತ ಹೆಚ್ಚು ಸರಿದರೆ ಹತ್ತು ಅಂಕ ತಪ್ಪುತ್ತದೆ. ಅದಕ್ಕೆಂದೇ ದೊಡ್ಡ ಸ್ಪರ್ಧಿಗಳು ತಲೆಯ ಅಳತೆ 4.49, 4.50 ಎಂದು ಅಚ್ಚು ಹಾಕಿದ ಡಬ್ಬಿಗಳನ್ನೇ ಬಳಸುತ್ತಾರೆ. ತಮ್ಮ ರೈಫಲ್ಲಿಗೆ ಒಪ್ಪುವ ಒಂದು ಬ್ಯಾಚನ್ನು ಪರೀಕ್ಷಿಸಿ, ಅದನ್ನೇ ಒಟ್ಟಿಗೆ ಕೊಳ್ಳುತ್ತಾರೆ.

ಅಂಗಡಿಯವರು ನಮಗೆ ಹೇಳಿದ್ದು, "ಕಂಪನಿ ಒಂದೇ ಐತಿ, ಮಾಲು ಒಂದೇ ಐತಿ. ಅಗ್ಗದ ಮಾಲಿನ್ಯಾಗ ಇಷ್ಟು ನೋಡಿದ್ರ ಹ್ಯಾಂಗ್ರಿ?" ಎಂದು. ಅಗ್ಗದ ಮಾಲಿನಿಂದ ಒಲಿಂಪಿಕ್ಸಿನ ಗುಣವನ್ನು ನಾವು ಕೇಳುತ್ತಿಲ್ಲ. ಇಂದು ಕೊಂಡದ್ದಕ್ಕೂ ನಾಳೆ ಕೊಳ್ಳುವುದಕ್ಕೂ ವ್ಯತ್ಯಾಸವಿದ್ದರೆ ಅದನ್ನು ತಿಳಿಯುವ ದಾರಿಯಿರಲಿ ಎಂಬುದಷ್ಟೇ ನಮ್ಮ ಬೇಡಿಕೆ. ಪ್ರಮಾಣಿತ ಬೀಜದ ಚೀಲದ ನೀಲಿ ಚೀಟಿಯ ಮೇಲೆ ಲಾಟ್ ನಂಬರು ಇರುತ್ತದೆ. 1966ರ ಬೀಜ ಕಾಯಿದೆಯ ಏರ್ಪಾಡಿನಲ್ಲಿ ಪ್ರಮಾಣಿತ ಜೋಳಕ್ಕೆ ನೂರಕ್ಕೆ 75ರ ಮೊಳಕೆ ಕನಿಷ್ಠವೆಂದು ಗೊತ್ತುಮಾಡಿದೆ. ಕೀಟನಾಶಕದ ಡಬ್ಬಿಯ ಮೇಲೂ ಬ್ಯಾಚ್ ನಂಬರು ಇರುತ್ತದೆ. ನಮ್ಮ ಕೈಗೆ ಬಂದ ಪೆಲೆಟ್ಟಿನ ಎರಡೂ ಡಬ್ಬಿಗಳ ಮೇಲೆ ಅಂಥ ಗುರುತು ಒಂದೂ ಇರಲಿಲ್ಲ. ಒಂದು ನಂಬರು ಒತ್ತಲು ತಯಾರಕರಿಗೆ ಎಷ್ಟು ಖರ್ಚು? ಅದಿಲ್ಲದಿದ್ದರೆ ದೂರುವವನಿಗೆ ಆಧಾರವಿಲ್ಲ, ಮಾರುವವನಿಗೆ ಹೊಣೆಯಿಲ್ಲ. ತಪ್ಪೆಲ್ಲ ಬಡವರ ಮಕ್ಕಳ ಕೈಯ ಮೇಲೆ ಬೀಳುತ್ತದೆ.

ಇನ್ನು ನಮ್ಮ ಗಡಿಭಾಗದ ಶಾಲೆಗಳು ತಾವೇ ಮಾಡಬಹುದಾದದ್ದೂ ಇದೆ. ವರ್ಷಕ್ಕೆ ಬೇಕಾದ ಡಬ್ಬಿಗಳನ್ನು ಒಮ್ಮೆಲೇ ಕೊಳ್ಳಿರಿ. ಪ್ರತಿ ಡಬ್ಬಿಯ ಮೇಲೆ ಕೊಂಡ ತಾರೀಖು ಬರೆಯಿರಿ. ಹೊಸ ಡಬ್ಬಿ ಒಡೆದೊಡನೆ ಹಳೆಯದರ ಜತೆಗಿಟ್ಟು ಪರೀಕ್ಷಿಸಿರಿ. ಅದಕ್ಕಾಗಿ ಹಳೆಯದರಲ್ಲಿ ಇಪ್ಪತ್ತು ಗುಂಡು ಯಾವಾಗಲೂ ಉಳಿದಿರಲಿ. ಸ್ಪ್ರಿಂಗಿನ ರೈಫಲ್ಲನ್ನು ಬಿಗಿದು ಕಟ್ಟಿದರೆ ಅದು ಬೇರೆ ತೆರನಾಗಿ ಒದೆಯುತ್ತದೆ. ಮರಳಿನ ಚೀಲವೇ ಸಾಕು. ತೂಗಿ ಬೇರ್ಪಡಿಸಿದರೆ ಸ್ವಲ್ಪ ಲಾಭವುಂಟು, ಆದರೆ ತಲೆಯ ಅಳತೆ ಕೆಟ್ಟಿದ್ದರೆ ತಕ್ಕಡಿಯೂ ಕಾಯಲಾರದು. ಸೀಸ ವಿಷವಾದ್ದರಿಂದ ಅಭ್ಯಾಸ ಮುಗಿದ ಮೇಲೆ ಮಕ್ಕಳು ಸಾಬೂನು ಹಚ್ಚಿ ಕೈ ತೊಳೆಯಲಿ. ಗುರಿ ಕಾಗದವೇ ಆಗಿರಲಿ. ಬೆಳೆ ತಿನ್ನಲು ಬಂದ ನವಿಲಿನತ್ತ ನಳಿಗೆ ತಿರುಗಿಸುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ.

ಎಲ್ಲಕ್ಕಿಂತ ಮುಖ್ಯವಾದ ಮಾತು ಶಿಕ್ಷಕ ಬಂಧುಗಳಿಗೆ. ಮಗು "ಸಡ್ಲ ಕೂಡತಾವ್ರಿ" ಅಂದರೆ ಮೊದಲು ಡಬ್ಬಿ ನೋಡಿರಿ, ಆಮೇಲೆ ಮಗುವನ್ನು. ನಾವು ತರಗತಿಯ ಎಲ್ಲ ಮಕ್ಕಳ ಮುಂದೆ ಆ ಹುಡುಗಿಯ ಕ್ಷಮೆ ಕೇಳಿದೆವು. ಅವಳು ತಲೆ ತಗ್ಗಿಸಿ ನಕ್ಕಳು, ಏನೂ ಹೇಳಲಿಲ್ಲ. ಸ್ಪರ್ಧೆ ಮುಗಿದುಹೋಗಿತ್ತು, ಆ ವರ್ಷವನ್ನು ನಾವು ಅವಳಿಗೆ ಮರಳಿ ಕೊಡಲಾರೆವು. ಈಗ ಶಾಲೆಯಲ್ಲಿ ಹೊಸ ಡಬ್ಬಿ ಬಂದರೆ ಅದನ್ನು ಮೊದಲು ಪರೀಕ್ಷಿಸುವ ಕೆಲಸ ಅವಳದೇ. ಅವಳು ಬೇಡವೆಂದ ಡಬ್ಬಿಯನ್ನು ನಾವು ಅಂಗಡಿಗೆ ಹಿಂದಿರುಗಿಸುತ್ತೇವೆ.