ಅರೆ ಸಹಾಯ ಯಾರ ಪಾಲಿಗೆ?

ಬಾಯ್ಲರ್ ಎಂದೊಡನೆ ನಮ್ಮ ಗಿರಣಿ ಕಾರ್ಮಿಕರ ಕಣ್ಣ ಮುಂದೆ ನಿಲ್ಲುವುದು ಉಗಿಯುಗುಳುವ ಕಬ್ಬಿಣದ ದೈತ್ಯ. ಬ್ರಿಟನ್ನಿನಲ್ಲಾದರೋ ಅದು ಮನೆಮನೆಯ ಗೋಡೆಗೆ ತೂಗುವ ಪೆಟ್ಟಿಗೆ. ಅನಿಲ ಉರಿಸಿ ನೀರು ಕಾಯಿಸುತ್ತದೆ. ಆ ಬಿಸಿನೀರು ಕೊಳವೆಗಳಲ್ಲಿ ಹರಿದು ಕೋಣೆ ಕೋಣೆಯನ್ನೂ ಬೆಚ್ಚಗಿಡುತ್ತದೆ. ಅಲ್ಲಿಯ ಚಳಿಗಾಲದಲ್ಲಿ ಅದು ಭೋಗವಸ್ತುವಲ್ಲ, ಅನ್ನದಷ್ಟೇ ಅಗತ್ಯ. ತೀರ ಹಳೆಯ ಬಾಯ್ಲರಿನಲ್ಲಿ ನೂರು ಪಾಲು ಅನಿಲ ಸುಟ್ಟರೆ ಎಪ್ಪತ್ತು ಪಾಲಿನ ಶಾಖವೂ ದಕ್ಕದು. ಹೊಸದರಲ್ಲಿ ತೊಂಬತ್ತರ ಸುಮಾರು ದಕ್ಕುತ್ತದೆ. ಹೊಸದನ್ನು ಕೊಳ್ಳಲಾರದ ಬಡವನೇ ಹೀಗೆ ಹೆಚ್ಚು ಅನಿಲ ಸುಟ್ಟು ಹೆಚ್ಚು ಬಿಲ್ಲು ತೆರಬೇಕು.

ಹಳೆಯ ಬಾಯ್ಲರ್ ಬದಲಿಸಲು ಅಲ್ಲಿಯ ಸರ್ಕಾರಗಳು ಸಹಾಯ ಕೊಟ್ಟಿಲ್ಲವೇ? ಕೊಟ್ಟಿವೆ. ಹೇಗೆ ಕೊಟ್ಟವು, ಯಾರಿಗೆ ಮುಟ್ಟಿತು ಎಂಬುದೇ ನಮ್ಮ ಪ್ರಶ್ನೆ.

೨೦೧೦ರ ಜನವರಿಯಲ್ಲಿ ಲೇಬರ್ ಸರ್ಕಾರವು ಇಂಗ್ಲೆಂಡಿನ ೧,೨೫,೦೦೦ ಮನೆಗಳಿಗೆ ತಲಾ ೪೦೦ ಪೌಂಡಿನ ಚೀಟಿ ಹಂಚಲು ಹೊರಟಿತು. ಹೊಸ ಬಾಯ್ಲರಿಗೆ, ಜೋಡಣೆಯ ಕೂಲಿ ಸೇರಿ, ಎರಡು ಸಾವಿರ ಪೌಂಡಿನಷ್ಟು ಬೇಕಾಗಿತ್ತು. ಉಳಿದ ಹಣ ಪೆಟ್ಟಿಗೆಯಲ್ಲಿದ್ದವನಿಗೆ ಅದು ಸಹಾಯಧನ. ಇಲ್ಲದವನಿಗೆ ಬರಿಯ ಕಾಗದ. ೨೦೨೨ರ ಮೇ ತಿಂಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗಳಿಗೆ ಇನ್ನೊಂದು ಯೋಜನೆ ಬಂದಿತು. ಬಾಯ್ಲರ್ ಕಿತ್ತು, ಹೊರಗಿನ ಗಾಳಿಯಿಂದ ಶಾಖ ಸೆಳೆಯುವ ವಿದ್ಯುತ್ ಪಂಪು ಹಾಕಿಸಿದವರಿಗೆ ೫,೦೦೦ ಪೌಂಡ್. ೨೦೨೩ರ ಅಕ್ಟೋಬರಿನಲ್ಲಿ ಅದು ೭,೫೦೦ಕ್ಕೆ ಏರಿತು. ಮೊತ್ತ ದೊಡ್ಡದೇ. ಆದರೆ ಆ ಪಂಪಿನ ಒಟ್ಟು ಖರ್ಚು ಸಾಮಾನ್ಯವಾಗಿ ಹತ್ತು ಸಾವಿರ ಪೌಂಡನ್ನು ಮೀರುತ್ತದೆ. ಮಿಕ್ಕಿದ್ದನ್ನು ಕೂಲಿಕಾರನು ಎಲ್ಲಿಂದ ತರಬೇಕು? ಬಾಡಿಗೆ ಮನೆಯವನ ಪಾಡಂತೂ ಹೇಳತೀರದು. ಮನೆಯ ಒಡೆಯನು ಒಪ್ಪದೆ ಏನೂ ನಡೆಯದು. ಬಿಲ್ಲು ತೆರದ ಒಡೆಯನಿಗೆ ಬಾಡಿಗೆದಾರನ ಚಳಿಯ ಚಿಂತೆಯೇಕೆ?

ಬಡವರಿಗೆಂದೇ ಒಂದು ಯೋಜನೆಯಿತ್ತು. ೨೦೦೦ದಲ್ಲಿ ಆರಂಭವಾದ ಅದರ ಹೆಸರು ವಾರ್ಮ್ ಫ್ರಂಟ್. ಖರ್ಚು ಸರ್ಕಾರದ ಖಜಾನೆಯದು. ಕನ್ಸರ್ವೇಟಿವ್-ಲಿಬರಲ್ ಕೂಟದ ಆಡಳಿತದಲ್ಲಿ, ೨೦೧೩ರ ಜನವರಿಯಲ್ಲಿ, ಅದನ್ನು ಮುಚ್ಚಿ ಹೊಣೆಯನ್ನು ಇಂಧನ ಕಂಪೆನಿಗಳಿಗೆ ವಹಿಸಲಾಯಿತು. ಕಂಪೆನಿಗಳು ತಮ್ಮ ಲಾಭದಿಂದ ಕೊಟ್ಟವೇ? ಇಲ್ಲ, ಖರ್ಚನ್ನು ಎಲ್ಲ ಗಿರಾಕಿಗಳ ಬಿಲ್ಲಿಗೆ ಸೇರಿಸಿದವು. ವರಮಾನ ತೆರಿಗೆಯಲ್ಲಿ ಸಿರಿವಂತನ ಪಾಲು ಹೆಚ್ಚು. ಬಿಲ್ಲಿನಲ್ಲಿ ಹಾಗಲ್ಲ, ಗಳಿಕೆಯ ಅಳತೆಯಲ್ಲಿ ನೋಡಿದರೆ ಬಡವನ ಹೊರೆಯೇ ಭಾರ. ಅಂದರೆ ಒಬ್ಬ ಬಡವನ ಬಾಯ್ಲರಿಗೆ ಇನ್ನೊಬ್ಬ ಬಡವನ ಜೇಬಿಗೆ ಕೈ ಹಾಕಿದ ಹಾಗಾಯಿತು!

ಕೆಲಸದ ಗುಣವನ್ನೂ ನೋಡಿ. ಕಂಪೆನಿಗಳ ಈ ಯೋಜನೆಯಲ್ಲೂ ಅದರ ಜೊತೆಯ ಇನ್ನೊಂದರಲ್ಲೂ ಗೋಡೆಯ ಹೊರಮೈಗೆ ಶಾಖ ತಡೆಯುವ ಹೊದಿಕೆ ಹಾಕಿಸಿದ ಮನೆಗಳಲ್ಲಿ ನೂರಕ್ಕೆ ೯೮ರಲ್ಲಿ ದೊಡ್ಡ ದೋಷಗಳಿವೆಯೆಂದು ೨೦೨೫ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯೇ ವರದಿ ಮಾಡಿತು. ಮರುತಿಂಗಳ ಬಜೆಟ್ಟಿನಲ್ಲಿ ಕಂಪೆನಿಗಳ ಯೋಜನೆಯನ್ನು ಮುಂದುವರಿಸುವುದಿಲ್ಲವೆಂದು ಸರ್ಕಾರ ಸಾರಿತು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯು ಕೊಡಲೂ ಇಲ್ಲ, ನೆಟ್ಟಗೆ ಪೂಜೆ ಮಾಡಲೂ ಇಲ್ಲ.

"ಎಲ್ಲರಿಗೂ ಪೂರ್ತಿ ಸಹಾಯ ಅಸಾಧ್ಯ, ಪುಕ್ಕಟೆ ಕೊಟ್ಟರೆ ಖಜಾನೆ ಬರಿದು" ಎಂದು ಧನಿಕರ ವಕೀಲರು ವಾದಿಸುತ್ತಾರೆ. ಅವರಿಗೆ ಅವರದೇ ದೇಶದ ಚರಿತ್ರೆಯಲ್ಲಿ ಉತ್ತರವಿದೆ. ೧೯೪೯ರಲ್ಲಿ ಬ್ರಿಟನ್ನಿನ ಅನಿಲ ಉದ್ಯಮ ರಾಷ್ಟ್ರದ ಸ್ವತ್ತಾಯಿತು. ಆಗ ಮನೆಗಳಿಗೆ ಬರುತ್ತಿದ್ದುದು ಹೆಚ್ಚಾಗಿ ಕಲ್ಲಿದ್ದಲಿನಿಂದ ತೆಗೆದ ಅನಿಲ. ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿತು. ಹಳೆಯ ಒಲೆ, ಬಾಯ್ಲರುಗಳಲ್ಲಿ ಅದನ್ನು ಹಾಗೆಯೇ ಉರಿಸುವಂತಿರಲಿಲ್ಲ. ೧೯೬೭ರಿಂದ ೧೯೭೭ರ ವರೆಗೆ ಆ ಸಾರ್ವಜನಿಕ ಉದ್ಯಮದ ಕೆಲಸಗಾರರು ಬೀದಿ ಬೀದಿಗೆ ಹೋಗಿ, ಸುಮಾರು ೧ ಕೋಟಿ ೩೦ ಲಕ್ಷ ಗಿರಾಕಿಗಳ ಒಲೆ-ಬಾಯ್ಲರುಗಳನ್ನು ಹೊಸ ಅನಿಲಕ್ಕೆ ಹೊಂದಿಸಿದರು. ಮನೆಯವರಿಂದ ಅದಕ್ಕೆ ಹಣ ಕೇಳಲಿಲ್ಲ. ಬಾಡಿಗೆದಾರನೋ ಒಡೆಯನೋ ಎಂದು ವಿಚಾರಿಸಲಿಲ್ಲ. ಖಜಾನೆಯೂ ಮುಳುಗಲಿಲ್ಲ. ೧೯೮೬ರಲ್ಲಿ ಥ್ಯಾಚರ್ ಸರ್ಕಾರ ಆ ಉದ್ಯಮವನ್ನೇ ಷೇರು ಪೇಟೆಯಲ್ಲಿ ಮಾರಿತು. ಬೀದಿಗೆ ಬರುತ್ತಿದ್ದ ಸಾರ್ವಜನಿಕ ಕೆಲಸಗಾರ ಹೋದ. ಅರ್ಜಿ ನಮೂನೆ ಬಂದಿತು.

ದೂರದ ದೇಶದ ಕಥೆ ನಮಗೇಕೆ ಎನ್ನುವವರು ನಮ್ಮ ಉಜ್ವಲಾ ಯೋಜನೆಯನ್ನು ನೆನೆಯಲಿ. ೨೦೧೬ರ ಮೇ ೧ರಂದು ಆರಂಭವಾದಾಗ ಬಡ ಮನೆಗೆ ಸಂಪರ್ಕಕ್ಕೆಂದು ೧,೬೦೦ ರೂಪಾಯಿ ಸಹಾಯ. ಒಲೆಗೂ ಮೊದಲ ಸಿಲಿಂಡರಿಗೂ ಸಾಲ. ಫೋಟೋ ತೆಗೆಸಿದ್ದಾಯಿತು. ಆದರೆ ಆ ಮನೆಗಳು ಸರಾಸರಿ ವರ್ಷಕ್ಕೆ ಮೂರು-ನಾಲ್ಕು ಸಿಲಿಂಡರಿಗಿಂತ ಹೆಚ್ಚು ತುಂಬಿಸುತ್ತಿಲ್ಲವೆಂದು ಮಹಾಲೆಕ್ಕಪರಿಶೋಧಕರ ೨೦೧೯ರ ವರದಿ ತೋರಿಸಿತು. ಒಲೆ ಮೂಲೆಗೆ ಸೇರಿತು. ತಾಯಂದಿರು ಮತ್ತೆ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಂಡರು. ಅಲ್ಲಿ ಚೀಟಿ, ಇಲ್ಲಿ ಸಂಪರ್ಕ. ಮಿಕ್ಕ ಹಣ ಹೊಂದಿಸಲಾರದವನ ಗತಿ ಎರಡೂ ಕಡೆ ಒಂದೇ.

ಆದುದರಿಂದ ನಮ್ಮ ಮಾತು ಸ್ಪಷ್ಟ. ಮನೆಯ ಬಿಸಿಯೂ ಒಲೆಯ ಬೆಂಕಿಯೂ ಜೀವನಾವಶ್ಯಕ ವಸ್ತುಗಳು. ಅವುಗಳಿಗೆ ಕೊಡುವ ಸಹಾಯ ಪೂರ್ತಿಯಾಗಿರಬೇಕು. ಅದರ ಹಣ ಬಡವನ ಬಿಲ್ಲಿನಿಂದಲ್ಲ, ಉಳ್ಳವರ ಮೇಲಿನ ತೆರಿಗೆಯಿಂದ ಬರಬೇಕು. ಅದನ್ನು ನಡೆಸುವುದು ಲಾಭದ ಕಂಪೆನಿಯಲ್ಲ, ಜನರಿಗೆ ಉತ್ತರ ಹೇಳಬೇಕಾದ ಸಾರ್ವಜನಿಕ ಸಂಸ್ಥೆಯಾಗಬೇಕು.

ಕಾರ್ಮಿಕ ಬಂಧುಗಳೇ, ಸಣ್ಣ ವರ್ತಕ ಮಿತ್ರರೇ! ನಾಳೆ ಯಾರಾದರೂ ಸಹಾಯಧನದ ಡಂಗುರ ಸಾರುತ್ತ ನಿಮ್ಮ ಬೀದಿಗೆ ಬಂದರೆ ಮೂರು ಪ್ರಶ್ನೆ ಕೇಳಿ: ಉಳಿದ ಹಣ ಯಾರು ಕೊಡಬೇಕು? ಈ ಹಣ ಯಾರ ಜೇಬಿನಿಂದ ಬಂತು? ಬಾಡಿಗೆ ಮನೆಯವನಿಗೆ ಏನು ಸಿಗುತ್ತದೆ? ಉತ್ತರ ಬರುವ ತನಕ ಚಪ್ಪಾಳೆ ತಟ್ಟಬೇಡಿ.