ನಡಾವಳಿಗೆ ಬಾರದ ಮಾತು

ಕೆಲವು ವರ್ಷಗಳ ಹಿಂದೆ ನಮ್ಮೂರ ಕೆರೆಯ ಅಭಿವೃದ್ಧಿಗೆಂದು ಸಾರ್ವಜನಿಕರ ಸಭೆ ಕರೆದಿದ್ದರು. ಶಾಮಿಯಾನ, ಮೈಕು, ಪಕ್ಕದಲ್ಲಿ ಬಣ್ಣದ ನಕ್ಷೆ. ನಕ್ಷೆಯಲ್ಲಿ ನಡಿಗೆ ದಾರಿ, ಕಾರಂಜಿ, ಮಕ್ಕಳ ಉಯ್ಯಾಲೆ ಎಲ್ಲ ಇದ್ದವು. ಕೆರೆಗೆ ನೀರು ಎಲ್ಲಿಂದ ಬರಬೇಕು ಎಂಬುದೊಂದು ಇರಲಿಲ್ಲ. ಹಿಂದಿನ ಸಾಲಿನಿಂದ ವಯಸ್ಸಾದ ನೀರಗಂಟಿಯೊಬ್ಬರು ಎದ್ದರು. ‘ಸ್ವಾಮಿ, ಮೊದ್ಲು ಮೇಲಿನ್ ಕಾಲ್ವೆ ಬಿಡಿಸ್ಕೊಡಿ. ನೀರೇ ಬರ್ದಿದ್ರೆ ಕಾರಂಜಿ ಏನ್ ಚಿಮ್ಮುತ್ತೆ?’ ಜನ ನಕ್ಕರು. ವೇದಿಕೆಯ ಮೇಲಿದ್ದವರೂ ನಕ್ಕು, ‘ಬರ್ಕೊಂಡಿದೀವಿ ಯಜಮಾನ್ರೆ, ಕೂತ್ಕೊಳ್ಳಿ’ ಅಂದರು. ಆಮೇಲೆ ಬೋಂಡಾ, ಟೀ, ಸಹಿ ಪುಸ್ತಕ. ತಿಂಗಳು ಕಳೆದ ಮೇಲೆ ನಡಾವಳಿಯ ಪ್ರತಿ ಕೈಗೆ ಸಿಕ್ಕಿತು. ಸಾರ್ವಜನಿಕರು ಯೋಜನೆಗೆ ಸರ್ವಾನುಮತದ ಒಪ್ಪಿಗೆ ಸೂಚಿಸಿದರು ಎಂದು ಒಂದೇ ಸಾಲು.

ಆ ಸಾಲು ಓದಿದಾಗ ನನಗೆ ನೆನಪಾಗಿದ್ದು ಬಿಳಿಗಿರಿರಂಗನ ಬೆಟ್ಟದ ಉಪ್ಪಿಲು.

ನಾವು ಬಂದಳಿಕೆ ಎನ್ನುತ್ತೇವಲ್ಲ, ಅದನ್ನೇ ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಉಪ್ಪಿಲು ಎನ್ನುತ್ತಾರೆ. ಹಣ್ಣು ತಿಂದ ಹಕ್ಕಿ ಅಂಟಂಟಾದ ಬೀಜವನ್ನು ಬೆಟ್ಟದ ನೆಲ್ಲಿಯ ಕೊಂಬೆಗೆ ಒರೆಸಿ ಹೋಗುತ್ತದೆ. ಬೀಜ ಅಲ್ಲೇ ಮೊಳೆತು, ತೊಗಟೆಯೊಳಕ್ಕೆ ಬೇರು ಇಳಿಸಿ, ಮರದ ನೀರು ಕುಡಿದು ಬೆಳೆಯುತ್ತದೆ. ದೂರದಿಂದ ನೋಡಿದರೆ ಮರ ಸೊಂಪಾಗಿದೆ ಅನ್ನಿಸಬೇಕು. ಹತ್ತಿರ ಹೋದರೆ ದಪ್ಪ ಎಲೆಗಳೆಲ್ಲ ಉಪ್ಪಿಲಿನವು, ನೆಲ್ಲಿಯ ಕೊಂಬೆ ತುದಿಯಿಂದ ಒಣಗುತ್ತಿರುತ್ತದೆ. ನೆಲ್ಲಿ ಕಡಿಮೆಯಾದರೆ ಯಾರಿಗಾದರೂ ಮೊದಲು ಅನುಮಾನ ಬರುವುದು ಕಾಯಿ ಕೀಳುವವರ ಮೇಲೆ. ಸೋಲಿಗ ಹಿರಿಯರು ಬೇರೆಯೇ ಹೇಳುತ್ತಿದ್ದರು: ತರಗು ಬೆಂಕಿ ನಿಂತಿತು, ಉಪ್ಪಿಲು ಹೆಚ್ಚಿತು, ಲಂಟಾನ ಕಳೆ ನುಗ್ಗಿತು.

ತರಗು ಬೆಂಕಿ ಎಂದರೆ ಬೇಸಿಗೆ ಏರುವ ಮೊದಲೇ ನೆಲದ ಒಣ ಎಲೆಗೆ ಹಚ್ಚುತ್ತಿದ್ದ ಸಣ್ಣ ಬೆಂಕಿ. ಮೊಣಕಾಲೆತ್ತರಕ್ಕೆ ಹರಿದು, ಕಳೆಯ ಸಸಿ ಸುಟ್ಟು, ದೊಡ್ಡ ಮರಗಳನ್ನು ಬಿಟ್ಟು ಮುಂದೆ ಹೋಗುವಂಥದು. 1974ರಲ್ಲಿ ಕಾಡು ಅಭಯಾರಣ್ಯವಾದ ಮೇಲೆ ಬೆಂಕಿ ಅಪರಾಧವಾಯಿತು, ಹಚ್ಚಿದವನು ಆರೋಪಿಯಾದ. ಹಿರಿಯರ ಮಾತು ಅವರ ಊರುಗಳಾದ ಪೋಡುಗಳಲ್ಲೇ ಉಳಿಯಿತು. ಇತ್ತ ಲಂಟಾನ ಕಾಡಿಡೀ ಹಬ್ಬಿತು. ಸಂಶೋಧಕರು 1997ರಲ್ಲಿ ನೋಡಿದ ತಾಕುಗಳನ್ನೇ 2008ರಲ್ಲಿ ಮತ್ತೆ ನೋಡಿದಾಗ ಅದು ಕಾಣಿಸಿಕೊಂಡ ತಾಕುಗಳು ಸುಮಾರು ಇಮ್ಮಡಿಯಾಗಿದ್ದವು. ಬೆಂಕಿಗೂ ಉಪ್ಪಿಲಿಗೂ ಸೋಲಿಗರು ಹಾಕಿದ ನಂಟನ್ನು 2010ರಲ್ಲಿ ಬಂದ ಒಂದು ಸಂಶೋಧನಾ ಲೇಖನ ಗಂಭೀರವಾಗಿ ಕೈಗೆತ್ತಿಕೊಂಡಿತು. ಲೆಕ್ಕ ಹಾಕಿ, ಅಷ್ಟು ಹೊತ್ತಿಗೆ ಮೂವತ್ತಾರು ವರ್ಷ.

ಹಾಗಂತ ಹಿರಿಯರು ಹೇಳಿದ್ದೆಲ್ಲ ವೇದವಾಕ್ಯ ಅಂತಲ್ಲ. ಲಂಟಾನ ಆಳೆತ್ತರ ಬೆಳೆದು ನಿಂತ ಇವತ್ತಿನ ಕಾಡಿಗೆ ಹಳೆಯ ತರಗು ಬೆಂಕಿ ಹಚ್ಚಿದರೆ ಅದು ನೆಲದಲ್ಲೇ ಹರಿಯುತ್ತದೆಂಬ ನಂಬಿಕೆಯಿಲ್ಲ. ಮರದ ತುದಿಗೇ ಏರಬಹುದು. ಆ ತರಗು ಬೆಂಕಿಯನ್ನು ಕಣ್ಣಾರೆ ಕಂಡಿರದ ಹುಡುಗರು ಪೋಡುಗಳಲ್ಲೂ ಬೆಳೆದು ನಿಂತಿದ್ದಾರೆ. ಕೇಳುವುದೆಂದರೆ ಹೇಳಿದಂತೆ ಕುಣಿಯುವುದಲ್ಲ, ವಾದ ಮಾಡುವುದೂ ಅದರೊಳಗೇ ಬರುತ್ತದೆ. ಆದರೆ ಉಪ್ಪಿಲು ಎಂಬ ಪದವೇ ಸಭೆಯೊಳಕ್ಕೆ ಬರದಿದ್ದರೆ ಯಾವುದರ ಮೇಲೆ ವಾದ ಮಾಡುತ್ತೀರಿ? ನಿಜವಾದ ದನಿಯ ಗುರುತೇ ಇದು ಅನ್ನಿಸುತ್ತದೆ ನನಗೆ. ಅದಕ್ಕೆ ತನ್ನದೇ ಪದಗಳಿರುತ್ತವೆ. ಜನರ ಹೆಸರಿನಲ್ಲಿ ಮಾತಾಡುವವರ ಬಾಯಲ್ಲಿ ‘ಸಹಭಾಗಿತ್ವ’, ‘ಫಲಾನುಭವಿ’ ಎಂದು ಬಂತೋ, ನಾನು ಪೆನ್ನು ಜೇಬಿಗೆ ಹಾಕಿಕೊಳ್ಳುತ್ತೇನೆ.

ಅದೇ ಬೆಟ್ಟದಲ್ಲಿ ಬೇರೆ ರೀತಿ ನಡೆದದ್ದೂ ಉಂಟು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುಮಾಡಿದ ಡಾ. ಎಚ್. ಸುದರ್ಶನ್ ಅವರು ಅಲ್ಲಿಗೆ ಬಂದದ್ದು ಡಾಕ್ಟರಾಗಿ. ಬರೀ ಮದ್ದಿನಿಂದ ಆರೋಗ್ಯ ಬರುವುದಿಲ್ಲವೆಂದು ಕಂಡು ಶಾಲೆ, ಭೂಮಿಯ ಹಕ್ಕು, ಕಸುಬಿನ ತನಕ ಕೆಲಸ ಹಬ್ಬಿಸಿದರು. ಸೋಲಿಗರ ಹೆಣ್ಣುಮಕ್ಕಳಿಗೇ ನರ್ಸ್ ತರಬೇತಿ ಕೊಡಿಸಿದರು. ಪೋಡಿನ ಬಸುರಿ, ಪೇಟೆಯ ದಾದಿಗೆ ಹೇಳದ್ದನ್ನು ತನ್ನ ಮಾತೇ ಆಡುವ ಹುಡುಗಿಗೆ ಹೇಳುತ್ತಾಳೆ; ಇದಕ್ಕೆ ಸಮೀಕ್ಷೆ ಬೇಕಿಲ್ಲ. ಕುಡಗೋಲು ಕಣ ರಕ್ತಹೀನತೆಯಂಥ ಕಾಯಿಲೆ ಇರುವ ಜನರ ನಡುವೆ ಇದೇನು ಸಣ್ಣ ಸಂಗತಿಯಲ್ಲ. ರಕ್ತ ಪರೀಕ್ಷೆಗೆ ಕೈ ಚಾಚಲು ಮೊದಲು ನಂಬಿಕೆ ಬೇಕು.

ಕಾಡಿಗೂ ಮೈಗೂ ನಡುವೆ ಸರ್ಕಾರದ ಇಲಾಖೆಗಳು ಗೆರೆ ಎಳೆದಿವೆ, ಸೋಲಿಗರು ಎಳೆದಿಲ್ಲ. 2006ರಲ್ಲಿ ಕಿರು ಅರಣ್ಯ ಉತ್ಪನ್ನ ಮಾರಲು ತಡೆ ಬಿದ್ದಾಗ ಹೋದದ್ದು ಜೇನು, ನೆಲ್ಲಿಯ ದುಡ್ಡು. ದುಡ್ಡಿನ ಹಿಂದೆ ಒಲೆಯ ಮೇಲಿನ ಪಾತ್ರೆಯೂ ಹಗುರವಾಗುತ್ತದೆ. ಅರಣ್ಯದ ಕಡತ ಆರೋಗ್ಯದ ಮೇಜಿಗೆ ಹೋಗುವುದಿಲ್ಲವಾದ್ದರಿಂದ ಈ ಎರಡನ್ನು ಜೋಡಿಸಿ ಹೇಳಬಲ್ಲವರು ಆ ಮನೆಯವರೇ.

ಮುಂದೆ ಸೋಲಿಗರು ಏಟ್ರಿ ಎಂಬ ಪರಿಸರ ಸಂಶೋಧನಾ ಸಂಸ್ಥೆಯವರ ಜೊತೆ ಕಾಡು ಸುತ್ತಿ ತಮ್ಮ ಪವಿತ್ರ ತಾಣಗಳ ನಕ್ಷೆ ಮಾಡಿದರು. ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂದು ನಾನೂರಕ್ಕೂ ಹೆಚ್ಚು ಜಾಗ. ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ 2011ರಲ್ಲೇ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಬಂತು. ಹಕ್ಕುಪತ್ರ ಕೈಗೆ ಬಂದ ಮೇಲೂ ತಕರಾರು ಮುಗಿದಿಲ್ಲ, ಅದು ಬೇರೆ ಕಥೆ.

ನಮ್ಮೂರಿಗೆ ಬರೋಣ. ಸಭೆಯ ದಿನ ಟೀ ಕುಡಿಯುತ್ತ ನೀರಗಂಟಿಯ ಪಕ್ಕ ನಿಂತಿದ್ದೆ. ‘ಎಲ್ಲಿ ಅಜ್ಜ ಆ ಕಾಲುವೆ?’ ಅಂದೆ. ಕೋಲಿನ ತುದಿಯಿಂದ ಮಣ್ಣಿನಲ್ಲಿ ಗೀಚಿದರು: ಇಲ್ಲಿ ಹುಣಸೆಮರ, ಇಲ್ಲಿ ಈಗ ಕಲ್ಯಾಣ ಮಂಟಪ, ಅದರ ಅಡಿಗೇ ಕಾಲುವೆ, ಇಲ್ಲಿ ತೂಬು. ಆಹ್ವಾನ ಪತ್ರಿಕೆಯ ಬೆನ್ನಿಗೆ ಅದನ್ನು ನಕಲು ಮಾಡಿಕೊಂಡೆ. ಕಾರಂಜಿಯ ಸುತ್ತ ಈಗ ಮೊಣಕಾಲುದ್ದ ಹುಲ್ಲು. ಮಳೆ ಬಂದಾಗ ಅಲ್ಲಲ್ಲಿ ನಿಲ್ಲುವ ನೀರಲ್ಲಿ ಸೊಳ್ಳೆ. ಬೀದಿಯಲ್ಲಿ ಡೆಂಗಿ ಕಾಣಿಸಿಕೊಂಡ ವರ್ಷ ಹೊಗೆಯಂತ್ರದವರು ಎರಡು ಸಲ ಬಂದುಹೋದರು. ಆ ಆಹ್ವಾನ ಪತ್ರಿಕೆ ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಮಂಟಪದ ಜಾಗದಲ್ಲಿ ಅಜ್ಜ ಕೋಲು ಒತ್ತಿ ಹಿಡಿದಿದ್ದರು. ನನ್ನ ಪೆನ್ನೂ ಅಲ್ಲಿ ಕಾಗದ ತೂತು ಮಾಡಿದೆ.