ಚಿವುಟಿ ತೊಟ್ಟಿಲು ತೂಗುವುದಲ್ಲ

ಪರಸ್ಪರ ಒಪ್ಪಿಗೆಯಿಂದ ನೋವು, ಬಂಧನ, ಅಧೀನತೆಗಳನ್ನು ಲೈಂಗಿಕ ಸುಖದ ಭಾಗವಾಗಿಸಿಕೊಳ್ಳುವ ಬಿಡಿಎಸ್‌ಎಂ ಎಂಬ ಪದವನ್ನು ಐರ್ಲೆಂಡಿನ ಬಹುತೇಕ ಮನೆಗಳು ಕೇಳಿದ್ದು ಒಂದು ಕೊಲೆ ಮೊಕದ್ದಮೆಯ ಸುದ್ದಿಯಲ್ಲಿ. 2015ರ ಮಾರ್ಚ್‌ನಲ್ಲಿ ಡಬ್ಲಿನ್ನಿನ ನ್ಯಾಯಾಲಯವು ಗ್ರಹಾಂ ಡ್ವೈಯರ್ ಎಂಬ ವಾಸ್ತುಶಿಲ್ಪಿಯನ್ನು ಕೊಲೆಗಾರನೆಂದು ತೀರ್ಮಾನಿಸಿತು. ಎರಡೇ ತಿಂಗಳಲ್ಲಿ ಅದೇ ದೇಶ ಜನಮತದ ಮೂಲಕ ಸಲಿಂಗ ವಿವಾಹವನ್ನು ಒಪ್ಪಿಕೊಂಡಿತು. ಒಂದು ಬಯಕೆಗೆ ಮಾನ್ಯತೆ ದೊರೆಯಿತು. ಇನ್ನೊಂದು ಅಪರಾಧದ ನೆರಳಿನಲ್ಲೇ ಉಳಿಯಿತು.

ಆ ನೆರಳಿನಲ್ಲಿ ಮರೆಯಾದದ್ದು 'ಆಫ್ಟರ್‌ಕೇರ್', ಅಂದರೆ ನಂತರದ ಆರೈಕೆ. ಕಟ್ಟು ಬಿಚ್ಚಿದ ಮೇಲೆ ಮೈ ಜೋಮುಗಟ್ಟಿದೆಯೇ, ಚರ್ಮ ಒಡೆದಿದೆಯೇ ಎಂದು ನೋಡುವುದು, ನೀರು, ಹೊದಿಕೆ, ಒಂದಿಷ್ಟು ಸಿಹಿ ಕೊಡುವುದು, ಜೊತೆಗಿರುವುದು. ಏರಿದ್ದ ಅಡ್ರಿನಲಿನ್ ಇಳಿಯುವಾಗ ನಡುಕ, ಚಳಿ, ಅಳು ಬರಬಹುದು. ಕೆಲವರಿಗೆ ಮಂಕು ಕವಿಯುವುದು ಒಂದೆರಡು ದಿನಗಳ ನಂತರ. ಆದ್ದರಿಂದ ಮರುದಿನದ ವಿಚಾರಣೆಯೂ ಆರೈಕೆಯೇ. ಅದು ಅಧೀನರಿಗಷ್ಟೇ ಅಲ್ಲ, ಆಳುವ ಪಾತ್ರ ವಹಿಸಿದವರಿಗೂ ಬೇಕು.

ಇದು ಮಗುವನ್ನು ಚಿವುಟಿ ತೊಟ್ಟಿಲು ತೂಗಿದಂತಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ರಾತ್ರಿ ಹೊಡೆದು ಬೆಳಿಗ್ಗೆ ಸೀರೆ ತರುವ ಗಂಡನನ್ನು ಕನ್ನಡದ ಹೆಣ್ಣುಮಕ್ಕಳು ಬಲ್ಲರು. ಆ ಸೀರೆ ಬಾಯಿ ಮುಚ್ಚಿಸಲು ಬರುತ್ತದೆ. ಆರೈಕೆ ಬಾಯಿ ತೆರೆಸಬೇಕು: ಯಾವುದು ಹಿತವಾಗಲಿಲ್ಲ, ಮತ್ತೊಮ್ಮೆ ಬೇಕೇ, ಬೇಡವೇ ಎಂದು ಕೇಳಬೇಕು. 'ಬೇಡ' ಎಂದವರ ಮಾತು ಅಲ್ಲಿ ನಿಲ್ಲದಿದ್ದರೆ, ಎಷ್ಟು ಮೃದುವಾಗಿ ತಲೆ ನೇವರಿಸಿದರೂ ಅದು ಹಿಂಸೆಯೇ.

ವೈದ್ಯಶಾಸ್ತ್ರವೂ ಈ ಗೆರೆಯನ್ನು ಗುರುತಿಸಿದೆ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗವರ್ಗೀಕರಣದಲ್ಲಿ ಒಪ್ಪಿತ ನೋವಿನ ಬಯಕೆ ರೋಗವಲ್ಲ. ಐರ್ಲೆಂಡಿನ 2017ರ ಕಾಯಿದೆಯ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿರಬೇಕು. ಅದನ್ನು ಯಾವ ಕ್ಷಣದಲ್ಲಾದರೂ ಹಿಂಪಡೆಯಬಹುದು. 2023ರಿಂದ ಕತ್ತು ಹಿಸುಕುವುದು ಪ್ರತ್ಯೇಕ ಅಪರಾಧ. ಅದರ ಅಪಾಯ ದಿನಗಳ ನಂತರವೂ ಪಾರ್ಶ್ವವಾಯುವಾಗಿ ಎರಗಬಹುದಾದ್ದರಿಂದ ಯಾವ ಆರೈಕೆಯೂ ಅದನ್ನು ಸುರಕ್ಷಿತಗೊಳಿಸದು.

ವಲಸಿಗರಲ್ಲಿ 'ಸ್ವತಂತ್ರ' ಎಂಬ ಪದ ಇನ್ನಷ್ಟು ಭಾರವಾಗುತ್ತದೆ. ವಾಸದ ಪರವಾನಗಿ, ಬಾಡಿಗೆ, ಬ್ಯಾಂಕ್ ಖಾತೆ ಎಲ್ಲವೂ ಸಂಗಾತಿಯ ಕೈಯಲ್ಲಿದ್ದರೆ 'ಹೂಂ' ಎಂಬುದು ಒಪ್ಪಿಗೆಯೋ ನಿರುಪಾಯವೋ? ಗಾಯವಾದರೆ ವೈದ್ಯರಿಗೆ ಹೇಳಲು ನಾಚಿಕೆ. ಊರಿನವರಿಗೆ ತಿಳಿದೀತೆಂಬ ಭಯ. ಒಪ್ಪಿಗೆ ಮೀರಿದ ಪ್ರಸಂಗಗಳಲ್ಲಿ ಡಬ್ಲಿನ್, ಕಾರ್ಕ್, ಗಾಲ್ವೇಗಳಂಥ ನಗರಗಳ ಲೈಂಗಿಕ ದೌರ್ಜನ್ಯ ಚಿಕಿತ್ಸಾ ಘಟಕಗಳು ಪೊಲೀಸ್ ದೂರಿಲ್ಲದೆಯೂ ಉಚಿತವಾಗಿ ನೋಡುತ್ತವೆ ಎಂಬುದನ್ನು ಕನ್ನಡ ಕೂಟಗಳು ತಮ್ಮ ಸದಸ್ಯರಿಗೆ ತಿಳಿಸಬೇಕು.

ಬೆಳಗಾವಿಯಲ್ಲಿ ಬೆಳೆದ ಸವಿತಾ ಹಾಲಪ್ಪನವರ್ 2012ರಲ್ಲಿ ಗಾಲ್ವೇಯಲ್ಲಿ ತೀರಿಕೊಂಡಾಗ ಹೆಣ್ಣಿನ ದೇಹದ ಮಾತು ಬೀದಿಗೆ ಬಂತು; 2018ರ ಜನಮತಕ್ಕೆ ಅದು ಬಲ ತುಂಬಿತು. ಸಂದರ್ಭ ಬೇರೆ, ಪಾಠ ಒಂದೇ: ದೇಹದ ಬಗೆಗಿನ ಮೌನ ಮರ್ಯಾದೆಯಲ್ಲ. ಅದರ ಬೆಲೆ ತೆರುವವರು ಕೈಯಲ್ಲಿ ಅಧಿಕಾರವಿಲ್ಲದವರು.